ಕಾಮನ್ ರೋಸ್, ಮಲಬಾರ್ ರೋಸ್: ನಾನು ಗುರುತಿಸುವ ಬಗೆ

ಕೇಪಳ, ರಥಪುಷ್ಪ ಅರಳಿದರೆ ಸಾಕು, ನಮ್ಮ ಮಲೆನಾಡಿನ ತೋಟಕ್ಕೆ ಕೆಂಪು ಮೈಯ ಕಪ್ಪು ಚಿಟ್ಟೆಗಳು ಬಂದೇ ಬರುತ್ತವೆ. ಜಾಸ್ತಿ ಕಾಣುವುದು ಕಾಮನ್ ರೋಸ್. ಬಯಲುಸೀಮೆಯಲ್ಲೂ ಇದೆ, ಊರೊಳಗಿನ ಕೈತೋಟಕ್ಕೂ ಬರುತ್ತದೆ. ಆದರೆ ಕಾಡಿನಂಚಿನಲ್ಲಿ ಅವುಗಳ ನಡುವೆ ಮಲಬಾರ್ ರೋಸ್ ಕೂಡ ಇರಬಹುದು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಚಿಟ್ಟೆ ಅದು. ಹಾಗಾಗಿ ಸರಿಯಾಗಿ ನೋಡದೆ ನಾನು ಹೆಸರು ಬರೆಯುವುದಿಲ್ಲ.

ಹಾರುವಾಗ ಎರಡೂ ಒಂದೇ ತರ. ಹೂವಿಗೆ ಬರುವವರೆಗೆ ಕಾಯಬೇಕು. ಮಕರಂದ ಹೀರುವಾಗಲೂ ಮುಂದಿನ ರೆಕ್ಕೆಗಳು ಪಟಪಟ ಬಡಿಯುತ್ತಲೇ ಇರುತ್ತವೆ. ಹಿಂದಿನವು ಅಷ್ಟು ಅಲುಗುವುದಿಲ್ಲ. ನಮಗೆ ಬೇಕಾದ್ದೂ ಅವೇ. ಕ್ಯಾಮೆರಾದ ಶಟರ್ ವೇಗ 1/1000 ಸೆಕೆಂಡಿನ ಆಸುಪಾಸು ಇಟ್ಟು, ಪಕ್ಕದಿಂದ ಒಂದರ ಹಿಂದೊಂದು ಫೋಟೋ ತೆಗೆಯುತ್ತೇನೆ.

ಫೋಟೋ ದೊಡ್ಡದು ಮಾಡಿ ಮೊದಲು ನೋಡುವುದು ಹೊಟ್ಟೆ. ಅದು ಕೆಂಪಿರಲೇಬೇಕು. ಕಪ್ಪಿದ್ದರೆ ರೋಸ್ ವೇಷದ ಕಾಮನ್ ಮಾರ್ಮನ್ ಎಂಬ ಬೇರೆ ಚಿಟ್ಟೆಯ ಹೆಣ್ಣು ಇರಬೇಕು. ಹುಳುವಾಗಿದ್ದಾಗ ತಿಂದ ಎಲೆಯ ವಿಷ ಮೈಯಲ್ಲಿರುವುದರಿಂದ ರೋಸ್‌ಗಳು ಹಕ್ಕಿಗಳಿಗೆ ರುಚಿಸುವುದಿಲ್ಲ. ನಿಂಬೆ, ಕರಿಬೇವಿನ ಎಲೆ ತಿಂದು ಬೆಳೆದ ಮಾರ್ಮನ್‌ಗೆ ಆ ವಿಷ ಇಲ್ಲ, ವೇಷವೇ ಕಾಯುತ್ತದೆ.

ಆಮೇಲೆ ಹಿಂದಿನ ರೆಕ್ಕೆಯ ಬಿಳಿ ಮಚ್ಚೆ. ರೆಕ್ಕೆಯ ಬುಡದಿಂದ ನಡುವಿನವರೆಗೆ, ಸುತ್ತ ನರಗಳಿರುವ ಉದ್ದನೆಯ ಕೋಶವೊಂದಿದೆ. ಕಾಮನ್ ರೋಸ್‌ನಲ್ಲಿ ಬಿಳಿ ಪಟ್ಟೆಗಳು ಈ ಕೋಶದ ಹೊರಗೆ ಬೆರಳು ಬಿಡಿಸಿದ ಹಾಗೆ ಸಾಲಾಗಿರುತ್ತವೆ. ಕೋಶದೊಳಗೆ ಬಿಳಿ ಬಂದರೂ ತುದಿಯಲ್ಲಿ ಒಂಚೂರು. ಮಲಬಾರ್ ರೋಸ್‌ನಲ್ಲಿ ಬಿಳಿ ಕೋಶದೊಳಕ್ಕೆ ನುಗ್ಗಿ ಅದರ ಹೆಚ್ಚಿನ ಭಾಗ ತುಂಬಿರುತ್ತದೆ. ಮಚ್ಚೆ ಒಟ್ಟಾರೆ ಅಗಲ. ಎರಡು ಫೋಟೋ ಅಕ್ಕಪಕ್ಕ ಇಟ್ಟರೆ ಆಮೇಲೆ ಗೊಂದಲವೇ ಇಲ್ಲ.

ಜಾಗ ನೋಡಿ ಹೆಸರಿಡುವವರಿದ್ದಾರೆ. ಅದು ಸಾಲದು. ಮಲಬಾರ್ ರೋಸ್ ಮೊಟ್ಟೆ ಇಡುವುದು ಕಾಡಿನ ನೆರಳಲ್ಲಿ ಬೆಳೆಯುವ ಚಕ್ರಾಣಿ (ತೊಟ್ಟಿಯಾ ಸಿಲಿಕ್ವೋಸಾ) ಗಿಡದ ಮೇಲೆ, ನಿಜ. ಆದರೆ ಈಶ್ವರಿ ಬಳ್ಳಿಯನ್ನು ನೆಚ್ಚಿದ ಕಾಮನ್ ರೋಸ್ ಕೂಡ ಚಕ್ರಾಣಿಗೆ ಬರುತ್ತದೆ. ಚಕ್ರಾಣಿ ಕಂಡರೆ ಹುಡುಕಬೇಕಾದ ಜಾಗ ಗೊತ್ತಾಯಿತು, ಅಷ್ಟೇ.

ಕಾಮನ್ ರೋಸ್ ಬೇಕಿದ್ದರೆ ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿ, ಬರುತ್ತದೆ. ಮಲಬಾರ್ ರೋಸ್ ಉಳಿಯಬೇಕಿದ್ದರೆ ಮರದಡಿಯ ಗಿಡಗಳೇ ಉಳಿಯಬೇಕು. ತೋಟಕ್ಕೆ ಸೊಪ್ಪು ತರುವ ಕಾಡು, ನಮ್ಮ ಸೊಪ್ಪಿನ ಬೆಟ್ಟದಲ್ಲಿ ಪ್ರತಿಸಲ ಎಲ್ಲ ಸವರಿಬಿಡುತ್ತಿದ್ದರು. ಈಗ ಕೆಲಸಕ್ಕೆ ಮೊದಲೇ ಒಂದು ಸುತ್ತು ಹೋಗಿ, ಚಕ್ರಾಣಿ ಗಿಡಗಳಿಗೆ ಕೆಂಪು ಬಟ್ಟೆ ಕಟ್ಟಿ ಬರುತ್ತೇನೆ. ಕತ್ತಿ ಹಿಡಿದವರು ಅವನ್ನು ಬಿಟ್ಟೇ ಸವರುತ್ತಾರೆ.