ಆ್ಯಪಲ್ ಬಟರ್: ಬೇಯಿಸುವುದು ಕುಕ್ಕರ್, ಬತ್ತಿಸುವುದು ನೀವು

ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ಚಿಕ್ಕಮಗಳೂರಿನ ತಳ್ಳುಗಾಡಿಗಳಲ್ಲಿ ಹಿಮಾಚಲದ ಸೇಬು ಕಾಣಿಸಿಕೊಳ್ಳುತ್ತದೆ. ಅದರ ಬೆನ್ನಿಗೇ ಕಾಶ್ಮೀರದ್ದೂ ಬರುತ್ತದೆ. ಕಾಫಿ, ಮೆಣಸು, ಕಿತ್ತಳೆ ಎಲ್ಲ ನಮ್ಮಲ್ಲೇ ಬೆಳೆಯುತ್ತವೆ, ಸೇಬು ಮಾತ್ರ ಲಾರಿ ಹತ್ತಿಯೇ ಬರಬೇಕು. 2000 ಕಿಲೋಮೀಟರಿಗೂ ಜಾಸ್ತಿ ದೂರ ಕುಲುಕಾಡಿ ಬರುವಾಗ ಒಂದಿಷ್ಟು ಹಣ್ಣಿಗೆ ಪೆಟ್ಟು ಬೀಳುತ್ತದೆ. ಅಂಥವನ್ನು ವ್ಯಾಪಾರಿಗಳು ಬೇರೆ ಗುಡ್ಡೆ ಹಾಕಿ ಕಡಿಮೆಗೆ ಕೊಟ್ಟುಬಿಡುತ್ತಾರೆ. ಆ್ಯಪಲ್ ಬಟರ್ ಮಾಡಲು ಆ ಗುಡ್ಡೆಯ ಹಣ್ಣೇ ಸಾಕು. ಹೊಳೆಯುವ ದುಬಾರಿ ಸೇಬನ್ನು ಹಾಗೇ ತಿನ್ನಿ.

ಇದರಲ್ಲಿ ಬೆಣ್ಣೆ ಒಂದು ಚೂರೂ ಇಲ್ಲ. ಸೇಬನ್ನು ಮೆತ್ತಗೆ ಬೇಯಿಸಿ, ನುಣ್ಣಗೆ ಮಾಡಿ, ನೀರೆಲ್ಲ ಬತ್ತಿ ಕಂದು ಬಣ್ಣಕ್ಕೆ ತಿರುಗುವ ತನಕ ಕಾಯಿಸಿದ ಮುದ್ದೆ ಇದು. ಬ್ರೆಡ್ಡಿನ ಮೇಲೆ ಬೆಣ್ಣೆಯ ಹಾಗೆ ಸವರಬಹುದು, ಅಷ್ಟೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ಮೂಲದ ರೈತರು ಇದನ್ನು ಅಂಗಳದಲ್ಲಿ ದೊಡ್ಡ ತಾಮ್ರದ ಹಂಡೆಯಿಟ್ಟು, ಉದ್ದ ಹಿಡಿಯ ಮರದ ಹುಟ್ಟಿನಿಂದ ದಿನವಿಡೀ ತಿರುವಿ ಮಾಡುತ್ತಿದ್ದರು. ಹಲಸಿನ ಹಣ್ಣಿನ ಬೆರಟಿ ಕಾಯಿಸಿದವರಿಗೆ ಈ ಕೆಲಸ ಹೊಸದೇನಲ್ಲ. ಅದೇ ತಾಳ್ಮೆ, ಅದೇ ಕೈನೋವು.

ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ಬಂದಮೇಲೆ ಕೈನೋವು ಅರ್ಧ ತಪ್ಪಿದೆ. ಪೂರ್ತಿ ತಪ್ಪಿಲ್ಲ. ಎಲ್ಲ ಹಾಕಿ ಬಟನ್ ಒತ್ತಿದರೆ ಆ್ಯಪಲ್ ಬಟರ್ ರೆಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲೆಕ್ಕ ಸುಲಭ. ಸೇಬಿನಲ್ಲಿ ನೂರಕ್ಕೆ 85 ಪಾಲು ನೀರು. ಕುಕ್ಕರಿನ ಮುಚ್ಚಳ ಬಿಗಿಯಾಗಿರುವಾಗ ಆ ನೀರು ಎಲ್ಲಿಗೂ ಹೋಗುವುದಿಲ್ಲ. ಕುಕ್ಕರ್ ಹಣ್ಣನ್ನು ಮೆತ್ತಗೆ ಮಾಡಿಕೊಡುತ್ತದೆ, ಗಟ್ಟಿ ಮಾಡಿಕೊಡುವುದಿಲ್ಲ. ಮುಚ್ಚಳ ತೆಗೆದ ಮೇಲೆ ಶುರುವಾಗುವುದೇ ನಿಜವಾದ ಕೆಲಸ.

ಏನೇನು ಬೇಕು

6 ಲೀಟರಿನ ಕುಕ್ಕರಿಗೆ ಒಂದೂವರೆ ಕಿಲೋ ಸೇಬು, 1 ಲೋಟ (250 ಎಂ.ಎಲ್.) ನೀರು, 150 ಗ್ರಾಂ ಪುಡಿ ಬೆಲ್ಲ, 2 ನಿಂಬೆಹಣ್ಣಿನ ರಸ, ಬೆರಳುದ್ದದ ಒಂದು ಚಕ್ಕೆ, 2 ಲವಂಗ, 3–4 ಏಲಕ್ಕಿ, ಎರಡು ಚಿಟಿಕೆ ಉಪ್ಪು. 3 ಲೀಟರಿನ ಕುಕ್ಕರ್ ಇದ್ದರೆ ಹಣ್ಣು, ಬೆಲ್ಲ, ಮಸಾಲೆ ಎಲ್ಲವನ್ನೂ ಅರ್ಧ ಮಾಡಿ. ನೀರು ಮಾತ್ರ ಕುಕ್ಕರಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಕನಿಷ್ಠ ಅಳತೆಗಿಂತ ಕಡಿಮೆ ಆಗದಿರಲಿ.

ಹಣ್ಣು ಆರಿಸುವುದು

ನಮ್ಮಲ್ಲಿ ಸಿಗುವುದರಲ್ಲಿ ಹೆಚ್ಚಿನವು ಕೆಂಪು ಡೆಲಿಷಿಯಸ್ ಜಾತಿಯವು. ಸಿಹಿ ಜಾಸ್ತಿ, ಹುಳಿ ಕಡಿಮೆ. ನಿಂಬೆರಸ ಬೇಕಾಗುವುದು ಅದಕ್ಕೇ. ಒಂದೆರಡು ಹಸಿರು ಸೇಬು ಸೇರಿಸಿದರೆ ರುಚಿಗೆ ಒಂದು ಚುರುಕು ಬರುತ್ತದೆ, ಆದರೆ ಅದು ತುಟ್ಟಿ. ಇಲ್ಲದಿದ್ದರೂ ನಡೆಯುತ್ತದೆ. ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಇದ್ದು ಹಿಟ್ಟುಹಿಟ್ಟಾದ ಸೇಬು ಬಾಯಿಗೆ ಚೆನ್ನಾಗಿರುವುದಿಲ್ಲ, ಅಲ್ವಾ? ಇಲ್ಲಿ ಅದು ಬಲು ಬೇಗ ಬೇಯುತ್ತದೆ, ಧಾರಾಳವಾಗಿ ಬಳಸಿ.

ಪೆಟ್ಟು ಬಿದ್ದು ಕಂದಾದ ಜಾಗವನ್ನು ಕೊರೆದು ತೆಗೆದರೆ ಉಳಿದ ಭಾಗ ಉಪಯೋಗಕ್ಕೆ ಬರುತ್ತದೆ. ಬೂಷ್ಟು ಹಿಡಿದ ಹಣ್ಣನ್ನು ಮಾತ್ರ ಇಡೀ ಎಸೆಯಿರಿ. ಸೇಬು ಕೊಳೆಸುವ ಕೆಲವು ಬೂಷ್ಟುಗಳು ಪ್ಯಾಟುಲಿನ್ ಎಂಬ ವಿಷ ಬಿಡುತ್ತವೆ. ಕಣ್ಣಿಗೆ ಕಾಣುವ ಕಲೆಯಿಂದಾಚೆಗೂ ಅದು ಹಣ್ಣಿನೊಳಗೆ ಹರಡಿರುತ್ತದೆ. ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಇಲ್ಲಿ ಉಳಿತಾಯ ಮಾಡಲು ಹೋಗಬಾರದು.

ಸಿಪ್ಪೆ ತೆಗೆಯಬೇಕೇ? ಹೊರದೇಶದ ಸೇಬಿಗೆ ಮೇಣ ಹಚ್ಚಿರುವುದುಂಟು, ಅದರ ಸಿಪ್ಪೆ ತೆಗೆದುಬಿಡಿ. ಉಳಿದವನ್ನು ಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆದು ಸಿಪ್ಪೆ ಸಮೇತ ಹಾಕಿ ಅಂತಲೇ ನಾನು ಹೇಳುವುದು. ಮುದ್ದೆ ಗಟ್ಟಿಯಾಗಲು ನೆರವಾಗುವ ಪೆಕ್ಟಿನ್ ಸಿಪ್ಪೆಯಲ್ಲಿ ಚೆನ್ನಾಗಿರುತ್ತದೆ, ಬಣ್ಣವೂ ಬರುತ್ತದೆ. ಬೀಜ ಇರುವ ನಡುಭಾಗವನ್ನು ಮಾತ್ರ ಬಿಡದೆ ತೆಗೆಯಿರಿ. ಬೀಜ ಅರೆದರೆ ಕಹಿ, ದೇಹಕ್ಕೂ ಒಳ್ಳೆಯದಲ್ಲ. ಉಳಿದದ್ದನ್ನು ದಪ್ಪ ಹೋಳು ಮಾಡಿಕೊಳ್ಳಿ.

ಕುಕ್ಕರಿಗೆ ಹಾಕುವುದು

ಮೊದಲು ನೀರು, ನಿಂಬೆರಸ, ಉಪ್ಪು. ಮೇಲೆ ಸೇಬಿನ ಹೋಳು. ಚಕ್ಕೆ, ಲವಂಗವನ್ನು ಇಡಿಯಾಗಿ ಒಂದು ಚೂರು ತೆಳು ಬಟ್ಟೆಯಲ್ಲಿ ಕಟ್ಟಿ ಹಾಕಿ, ಆಮೇಲೆ ಹುಡುಕುವ ಕಷ್ಟ ಇರುವುದಿಲ್ಲ. ಲವಂಗ 2 ಅಂದರೆ 2. ಪ್ರೆಶರಿನಲ್ಲಿ ಅದರ ಖಾರ ಪೂರ್ತಿ ಇಳಿಯುತ್ತದೆ, ನಾಲ್ಕಾದರೆ ಹಲ್ಲುನೋವಿನ ಎಣ್ಣೆಯ ವಾಸನೆ ಬಂದೀತು. ಏಲಕ್ಕಿ ಈಗ ಬೇಡ.

ಬೆಲ್ಲವೂ ಈಗ ಬೇಡ. ಬೆಲ್ಲ ಕರಗಿ ತಳಕ್ಕೆ ಇಳಿದರೆ ತಳ ಹಿಡಿಯುತ್ತದೆ. ಕುಕ್ಕರಿನ ಪರದೆಯ ಮೇಲೆ ಸೀಯುತ್ತಿದೆ ಅನ್ನುವ ಎಚ್ಚರಿಕೆ ಬಂದು ಮಷೀನು ನಿಂತುಬಿಡುತ್ತದೆ. ಇಂಥ ಅಡುಗೆಯಲ್ಲಿ ಆ ಎಚ್ಚರಿಕೆ ಬರಲು ಹೆಚ್ಚಿನ ಸಲ ಕಾರಣ ಸಿಹಿಯೇ.

ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ಬೇರೆ ಅಡುಗೆಗೆ ಮೂರರಲ್ಲಿ ಎರಡು ಪಾಲು ತುಂಬಿದರೂ ನಡೆಯುತ್ತದೆ, ಸೇಬಿಗೆ ಆ ಲೆಕ್ಕ ಹಿಡಿಯುವುದಿಲ್ಲ. ಬೆಂದ ಸೇಬು ನೊರೆ ಕಟ್ಟಿಕೊಂಡು ಮೇಲೇಳುತ್ತದೆ. ಆ ನೊರೆ ಹಬೆ ಹೋಗುವ ತೂತಿಗೆ ಸಿಕ್ಕಿಕೊಂಡರೆ ಹಬೆಗೆ ದಾರಿ ಇರುವುದಿಲ್ಲ. ಕೂಗುವ ಕುಕ್ಕರಿನ ಜೊತೆ ಬರುವ ಎಷ್ಟೋ ಪುಸ್ತಕಗಳಲ್ಲಿ ಸೇಬಿನ ಸಾಸ್ ಬೇಯಿಸಬೇಡಿ ಎಂದು ಬರೆದಿರುವುದು ಇದಕ್ಕೇ. ಪ್ರತಿ ವಿಷಲ್ಲಿಗೂ ಹಬೆ ರಭಸದಿಂದ ಹೊರಗೆ ನುಗ್ಗುತ್ತದೆ, ಜೊತೆಗೆ ನೊರೆಯನ್ನೂ ಎಳೆದೊಯ್ಯುತ್ತದೆ. ಎಲೆಕ್ಟ್ರಿಕ್ ಕುಕ್ಕರ್ ಕೂಗುವುದಿಲ್ಲ, ಒಳಗಿನ ಒತ್ತಡ ನೋಡಿಕೊಂಡು ತಾನೇ ಶಾಖ ಏರಿಸಿ ಇಳಿಸುತ್ತದೆ. ಹಾಗಾಗಿ ಅದರಲ್ಲಿ ಈ ಕೆಲಸ ಮಾಡಬಹುದು, ಆದರೆ ಅರ್ಧದ ಗೆರೆ ದಾಟದೆ. ಮನೆಯಲ್ಲಿ ಕೂಗುವ ಕುಕ್ಕರ್ ಮಾತ್ರ ಇದ್ದರೆ ಸೇಬನ್ನು ನೇರವಾಗಿ ಅದಕ್ಕೆ ಸುರಿಯಬೇಡಿ. ದಪ್ಪ ತಳದ ಪಾತ್ರೆಯಲ್ಲಿ ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಅರ್ಧ ಗಂಟೆ ಹಿಡಿಯಬಹುದು, ಅದರಿಂದ ನಷ್ಟವೇನೂ ಇಲ್ಲ.

ಮುಚ್ಚಳ ಹಾಕಿ, ವಾಲ್ವನ್ನು ಮುಚ್ಚಿದ ಕಡೆಗೆ ತಿರುಗಿಸಿ, ಹೈ ಪ್ರೆಶರಿನಲ್ಲಿ 10 ನಿಮಿಷ ಇಡಿ. ನಮ್ಮ ಎತ್ತರಕ್ಕೆ ಇನ್ನೊಂದು ನಿಮಿಷ ಸೇರಿಸಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1090 ಮೀಟರ್ ಮೇಲಿದೆ. ಇಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗಿನ ಶಾಖವೂ ಮಂಗಳೂರಿನ ಮನೆಗಿಂತ ಒಂದೆರಡು ಡಿಗ್ರಿ ಕಡಿಮೆ. ಸೇಬಿಗೆ ಇದರಿಂದ ಅಂಥ ವ್ಯತ್ಯಾಸವಿಲ್ಲ. ಇದೇ ಕುಕ್ಕರಿನಲ್ಲಿ ಕಡಲೆಕಾಳು ಬೇಯಿಸುವವರು ಮಾತ್ರ ಇದನ್ನು ನೆನಪಿಡಬೇಕು.

ಸಮಯ ಮುಗಿದ ಸದ್ದು ಬಂದ ಕೂಡಲೇ ವಾಲ್ವ್ ತೆರೆಯಬೇಡಿ. ತೆರೆದರೆ ಬಿಸಿ ಸೇಬಿನ ನೊರೆ ಅಡುಗೆಮನೆಯ ಸೂರಿಗೆ ಚಿಮ್ಮುತ್ತದೆ, ಕೈಗೆ ಬಿದ್ದರೆ ಬೊಬ್ಬೆ ಏಳುತ್ತದೆ. 20–25 ನಿಮಿಷ ಸುಮ್ನೆ ಬಿಡಿ. ಒಳಗೆ ಒತ್ತಡ ಇರುವ ತನಕ ಮೇಲೆದ್ದಿರುವ ಮುಚ್ಚಳದ ಪಿನ್ ತಾನಾಗಿ ಕೆಳಗಿಳಿದ ಮೇಲೆ ತೆರೆಯಿರಿ. ನಡುವೆ ಕರೆಂಟ್ ಹೋದರೂ ಇದೇ ನಿಯಮ. ಮಳೆಗಾಲದಲ್ಲಿ ನಮ್ಮ ಕಡೆ ಹೋಗದ ದಿನ ಯಾವುದಿದೆ? 1000 ವ್ಯಾಟಿನ ಕುಕ್ಕರನ್ನು ಮನೆಯ ಸಣ್ಣ ಇನ್ವರ್ಟರಿಗೆ ಹಾಕಲು ಹೋಗಬೇಡಿ. ಒಳಗೆ ಬಿಸಿ ಇದ್ದೇ ಇರುತ್ತದೆ, ಹಣ್ಣು ಅದರಲ್ಲೇ ಬೇಯುತ್ತಿರುತ್ತದೆ. ಕರೆಂಟ್ ಬಂದ ಮೇಲೆ ಬೇಕಿದ್ದರೆ ಇನ್ನೈದು ನಿಮಿಷ ಇಟ್ಟರಾಯಿತು.

ನುಣ್ಣಗೆ ಮಾಡುವುದು

ಮಸಾಲೆ ಗಂಟು ತೆಗೆದು, ಹ್ಯಾಂಡ್ ಬ್ಲೆಂಡರ್ ಇದ್ದರೆ ಪಾತ್ರೆಯಲ್ಲೇ ಆಡಿಸಿ. ಮಿಕ್ಸಿ ಆದರೆ ಪೂರ್ತಿ ಆರಲಿ. ಬಿಸಿ ಮುದ್ದೆ ಹಾಕಿ ತಿರುಗಿಸಿದರೆ ಜಾರಿನ ಮುಚ್ಚಳ ಹಾರುತ್ತದೆ.

ರುಬ್ಬುವ ಮೊದಲು ಒಂದು ಉಪಾಯ. ಬೆಂದ ಹಣ್ಣನ್ನು ಜರಡಿಗೆ ಸುರಿದು ಐದು ನಿಮಿಷ ಬಿಡಿ. ಒಂದು ಲೋಟದಷ್ಟು ತಿಳಿ ರಸ ಕೆಳಗೆ ಇಳಿಯುತ್ತದೆ. ಅದಕ್ಕೆ ಚಿಟಿಕೆ ಕಾಳುಮೆಣಸಿನ ಪುಡಿ ಹಾಕಿ ಬಿಸಿಬಿಸಿ ಕುಡಿಯಿರಿ, ಮಳೆ ಸಂಜೆಗೆ ಚೆನ್ನಾಗಿರುತ್ತದೆ. ಅಷ್ಟು ನೀರು ಬತ್ತಿಸುವ ಹೊತ್ತೂ ಉಳಿಯಿತು. ರಸದ ಜೊತೆ ಸ್ವಲ್ಪ ಪರಿಮಳ ಹೋಗುವುದು ನಿಜ. ಪುರುಸೊತ್ತು ಇರುವ ದಿನ ಇದನ್ನು ಮಾಡಬೇಡಿ.

ಬತ್ತಿಸುವುದು

ಈಗ ಪಾತ್ರೆಯಲ್ಲಿರುವುದು ನೀರುನೀರಾದ ಸೇಬಿನ ಸಾಸ್. ಒಂದೂವರೆ ಕಿಲೋ ಹಣ್ಣಿನಿಂದ ಕೊನೆಗೆ ಉಳಿಯಬೇಕಾದದ್ದು ಸುಮಾರು 700 ಗ್ರಾಂ. ಅಂದರೆ ಸುಮಾರು ಒಂದು ಲೀಟರ್ ನೀರು ಹಬೆಯಾಗಿ ಹೋಗಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಕುಕ್ಕರಿನ ಸಾಟೆ (ಹುರಿಯುವ) ಬಟನ್ ಒತ್ತಿ, ಶಾಖ ಕಡಿಮೆಗೆ ಇಟ್ಟು, ಮುಚ್ಚಳವಿಲ್ಲದೆ ಕಾಯಿಸಬಹುದು. ಮುಕ್ಕಾಲು ಗಂಟೆಯಿಂದ ಒಂದೂಕಾಲು ಗಂಟೆ ಹಿಡಿಯುತ್ತದೆ. ಹಲವು ಕುಕ್ಕರುಗಳಲ್ಲಿ ಈ ಬಟನ್ ಅರ್ಧ ಗಂಟೆಗೆ ತಾನೇ ಆರಿಹೋಗುತ್ತದೆ, ಮತ್ತೆ ಒತ್ತಬೇಕು. ನನ್ನ ಮಾತು ಕೇಳುವುದಾದರೆ ಮುದ್ದೆಯನ್ನು ದಪ್ಪ ತಳದ ಅಗಲ ಬಾಣಲೆಗೆ ಬಗ್ಗಿಸಿ ಗ್ಯಾಸ್ ಮೇಲಿಡಿ. ಕುಕ್ಕರಿನ ಪಾತ್ರೆ ಆಳ, ಬಾಯಿ ಕಿರಿದು. ಬಾಣಲೆಯ ಬಾಯಿ ಅಗಲ, ನೀರು ಬೇಗ ಹೋಗುತ್ತದೆ. ತೊಳೆಯಲು ಒಂದು ಪಾತ್ರೆ ಜಾಸ್ತಿ ಆಯಿತು ಅಂತ ಗೊಣಗಬೇಡಿ, ಅರ್ಧ ಗಂಟೆ ಉಳಿಯುತ್ತದೆ.

ಮೊದಮೊದಲು ಐದು ನಿಮಿಷಕ್ಕೊಮ್ಮೆ ಕೈಯಾಡಿಸಿದರೆ ಸಾಕು. ಗಟ್ಟಿಯಾಗುತ್ತಾ ಬಂದಂತೆ ಗುಳ್ಳೆ ದಪ್ಪಗಾಗಿ ಪಟಪಟ ಸಿಡಿಯಲು ಶುರುವಾಗುತ್ತದೆ. ಉದ್ದ ಹಿಡಿಯ ಮರದ ಸೌಟು ತೆಗೆದುಕೊಳ್ಳಿ. ಬಾಣಲೆಯ ಮೇಲೆ ಒಂದು ಜರಡಿ ಬೋರಲು ಹಾಕಿ, ಹಬೆ ಹೋಗುತ್ತದೆ, ಸಿಡಿತ ನಿಲ್ಲುತ್ತದೆ. ಮಕ್ಕಳು ಒಲೆ ಹತ್ತಿರ ಸುಳಿಯದಿರಲಿ.

ಅರ್ಧ ಬತ್ತಿದ ಮೇಲೆ ಬೆಲ್ಲದ ಸರದಿ. ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ ಹಾಕಿ, ಇಲ್ಲದಿದ್ದರೆ ಮರಳು ಬಾಯಿಗೆ ಸಿಗುತ್ತದೆ. ಪೂರ್ತಿ ಒಮ್ಮೆಗೇ ಸುರಿಯದೆ ಮುಕ್ಕಾಲು ಹಾಕಿ ರುಚಿ ನೋಡಿ. ನೀರು ಬತ್ತುತ್ತಾ ಹೋದ ಹಾಗೆ ಹಣ್ಣಿನ ಸಿಹಿಯೂ ದಟ್ಟವಾಗುತ್ತದೆ, ಎಷ್ಟೋ ಸಲ ಅಷ್ಟು ಬೆಲ್ಲವೇ ಬೇಕಾಗುವುದಿಲ್ಲ. ಸಕ್ಕರೆಯಲ್ಲೂ ಮಾಡಬಹುದು. ಬೆಲ್ಲದ್ದು ಬಣ್ಣ ಕಡು, ರುಚಿ ಆಳ. ಬೆಲ್ಲ ಬಿದ್ದ ಮೇಲೆ ಒಲೆ ಬಿಟ್ಟು ಹೋಗಬೇಡಿ. ತಳ ಹಿಡಿಯುವುದು ಈಗಲೇ. ಹಿಡಿಯಿತು ಅನ್ನಿಸಿದರೆ ಕೆರೆಯಬೇಡಿ, ಮೇಲಿನದನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ.

ಹದ ನೋಡುವುದು

ಒಂದು ಸ್ಟೀಲ್ ತಟ್ಟೆಯನ್ನು ಮೊದಲೇ ಫ್ರಿಜ್ಜಿನಲ್ಲಿಡಿ. ಅರ್ಧ ಚಮಚ ಮುದ್ದೆಯನ್ನು ಅದರ ಮೇಲೆ ಹಾಕಿ ಎರಡು ನಿಮಿಷ ಕಾಯಿರಿ. ಸುತ್ತ ನೀರಿನ ಉಂಗುರ ಬಿಟ್ಟುಕೊಂಡರೆ ಇನ್ನೂ ಆಗಿಲ್ಲ. ಇಟ್ಟಲ್ಲೇ ಗುಪ್ಪೆಯಾಗಿ ಕೂತರೆ ಆಯಿತು. ಆರಿದ ಮೇಲೆ ಇನ್ನೂ ಒಂದು ಸುತ್ತು ಗಟ್ಟಿಯಾಗುತ್ತದೆ, ಆದ್ದರಿಂದ ಅತಿಯಾಗಿ ಕಾಯಿಸಿದರೆ ಸವರಲು ಬಾರದ ಹಲ್ವ ಸಿಗುತ್ತದೆ. ಒಲೆ ಆರಿಸಿ, ಆಗಷ್ಟೇ ಕುಟ್ಟಿದ ಏಲಕ್ಕಿ ಪುಡಿ ಬೆರೆಸಿ. ಮೊದಲೇ ಹಾಕಿದ್ದರೆ ಅದರ ಘಮವೆಲ್ಲ ಹಬೆಯ ಜೊತೆ ಹೋಗಿರುತ್ತಿತ್ತು. ಮೂಡಿಗೆರೆ, ಸಕಲೇಶಪುರದ ಕಡೆಯ ಏಲಕ್ಕಿ ಕೈಗೆ ಸಿಗುವಾಗ ಅದನ್ನು ಹಾಗೆ ಹಾಳು ಮಾಡುವುದು ತರವಲ್ಲ.

ಎಷ್ಟು ದಿನ ಇಡಬಹುದು

ಜಾಮ್ ಹೊರಗಿಟ್ಟರೂ ಉಳಿಯುತ್ತದೆ, ಇದು ಯಾಕಿಲ್ಲ ಎಂದು ಕೇಳುವವರಿದ್ದಾರೆ. ಜಾಮಿನಲ್ಲಿ ನೂರಕ್ಕೆ 65ಕ್ಕೂ ಮೇಲೆ ಸಕ್ಕರೆಯ ಅಂಶ ಇರುತ್ತದೆ, ಅದೇ ಅದನ್ನು ಕಾಪಾಡುವುದು. ನಮ್ಮ ಮುದ್ದೆಯಲ್ಲಿ ಅಷ್ಟಿಲ್ಲ. ಮಲೆನಾಡಿನ ತೇವದಲ್ಲಿ ಮುಚ್ಚಳ ತೆರೆದ ಬಾಟಲಿಗೆ ಬೂಷ್ಟು ಬರಲು ಹೆಚ್ಚು ದಿನ ಬೇಡ. ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ಬಿಸಿ ಇರುವಾಗಲೇ ತುಂಬಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಒಣ ಚಮಚ ಬಳಸಿದರೆ ಎರಡು ಮೂರು ವಾರ ಚಿಂತೆಯಿಲ್ಲ. ಜಾಸ್ತಿ ಮಾಡಿದ್ದರೆ ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿ, ತಿಂಗಳುಗಟ್ಟಲೆ ಉಳಿಯುತ್ತದೆ. ಡಬ್ಬಿಯ ಬಾಯಿತನಕ ತುಂಬಬೇಡಿ, ಹೆಪ್ಪುಗಟ್ಟಿದಾಗ ಉಬ್ಬುತ್ತದೆ.

ಹೋಂಸ್ಟೇ ನಡೆಸುವವರು ಬಾಟಲಿ ಸೀಲ್ ಮಾಡಿ ಕಪಾಟಿನಲ್ಲಿಡಲು ಬಯಸುವುದುಂಟು. ಅದಕ್ಕೆ ಕ್ಯಾನಿಂಗಿಗೆಂದೇ ಬರುವ ಬಾಟಲಿ, ಹೊಸ ಮುಚ್ಚಳ ಬೇಕು. ತುಂಬಿದ ಅರ್ಧ ಲೀಟರಿನೊಳಗಿನ ಬಾಟಲಿಗಳನ್ನು ಕುದಿಯುವ ನೀರಿನಲ್ಲಿ ಪೂರ್ತಿ ಮುಳುಗಿಸಿಡಬೇಕು. ಸಮುದ್ರಮಟ್ಟದ ಊರಿಗೆ 5 ನಿಮಿಷ ಸಾಕು, ಚಿಕ್ಕಮಗಳೂರು, ಹಾಸನದ ಎತ್ತರಕ್ಕೆ 10 ನಿಮಿಷ. ಎಲೆಕ್ಟ್ರಿಕ್ ಕುಕ್ಕರನ್ನು ಈ ಕೆಲಸಕ್ಕೆ ಬಳಸಬಾರದು. ಹಳೆಯ ಉಪ್ಪಿನಕಾಯಿ ಬಾಟಲಿಯನ್ನು ನಂಬಿ ಅತಿಥಿಗಳಿಗೆ ಬಡಿಸುವುದೂ ಬೇಡ.

ಬ್ರೆಡ್, ಚಪಾತಿ, ದೋಸೆ ಯಾವುದಕ್ಕಾದರೂ ಸರಿ. ನನಗೆ ಇಷ್ಟವಾಗುವುದು ಬಿಸಿ ಅಕ್ಕಿರೊಟ್ಟಿಯ ಮೇಲೆ, ಪಕ್ಕಕ್ಕೆ ನಿಜವಾದ ಬೆಣ್ಣೆಯ ಒಂದು ಉಂಡೆ ಇಟ್ಟುಕೊಂಡು. ಗಟ್ಟಿ ಮೊಸರಿಗೆ ಒಂದು ಚಮಚ ಕದಡಿದರೆ ಮಕ್ಕಳು ಬೇಡ ಅನ್ನುವುದಿಲ್ಲ.

ಇನ್ನು ಕುಕ್ಕರ್ ತೊಳೆಯುವ ಮಾತು. ಮುಚ್ಚಳದ ಒಳಗಿನ ವಾಲ್ವ್, ಪಿನ್ ಎರಡನ್ನೂ ಬಿಚ್ಚಿ ತೊಳೆಯಿರಿ. ಒಣಗಿದ ಸೇಬು ಅಲ್ಲೇ ಕೂತರೆ ಮುಂದಿನ ಸಲ ಪಿನ್ ಮೇಲೇಳುವುದಿಲ್ಲ. ಮುಚ್ಚಳದ ಸಿಲಿಕೋನ್ ರಿಂಗ್ ವಾಸನೆ ಹೀರಿಕೊಳ್ಳುವುದರಲ್ಲಿ ನಂಬರ್ ಒನ್. ಅದೇ ರಿಂಗಿನಲ್ಲಿ ಸಾಂಬಾರು ಮಾಡಿ ಮರುದಿನ ಸೇಬು ಹಾಕಿದರೆ ಇಂಗಿನ ವಾಸನೆಯ ಆ್ಯಪಲ್ ಬಟರ್ ಸಿಗುತ್ತದೆ. ಸಿಹಿಗೆಂದೇ ಇನ್ನೊಂದು ರಿಂಗ್ ತಂದಿಟ್ಟುಕೊಳ್ಳಿ. ಕೊಳ್ಳುವಾಗ ನಿಮ್ಮ ಕುಕ್ಕರಿನ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ, ಒಂದು ಕಂಪನಿಯದ್ದು ಇನ್ನೊಂದಕ್ಕೆ ಕೂರುವುದಿಲ್ಲ.