ದಾವಣಗೆರೇಲಿ ಇದ್ಕೊಂಡು ಲೀಡರ್‌ಶಿಪ್ ಕೋಚ್ ಆಗೋದು ಹೆಂಗೆ

ನಮ್ಮೂರಲ್ಲಿ ಕೋಚಿಂಗ್ ಮಾಡ್ತೀನಿ ಅಂದ್ರೆ ಮೊದ್ಲು ಕೇಳೋದು ನೀಟಾ ಸಿಇಟಿನಾ ಅಂತ, ಅದ್ರಲ್ಲೂ ಮನೆ ವಿದ್ಯಾನಗರದ ಕಡೆ ಅಂದ್ರೆ ಮುಗೀತು, ಫೀಸ್ ಎಷ್ಟು ಹಾಸ್ಟೆಲ್ ಐತಾ ಅಂತ ಶುರು ಹಚ್ಕೋತಾರೆ. ಬೇಜಾರು ಮಾಡ್ಕೋಬೇಡಿ, ಆರು ವರ್ಷ ಆದ್ರೂ ನಮ್ಮ ಬೀಗರಿಗೇ ನಾನು ಏನ್ ಕೆಲ್ಸ ಮಾಡ್ತೀನಿ ಅಂತ ಗೊತ್ತಿಲ್ಲ. ಹರಿಹರದ ಕಡೆ ಫ್ಯಾಕ್ಟರೀಲಿ ಹದಿನೈದು ವರ್ಷ ಎಚ್‌ಆರ್‌ನಲ್ಲಿದ್ದು ಆಮೇಲೆ ಇದಕ್ಕೆ ಇಳಿದವ್ನು ನಾನು. ಮಿಲ್ ಮಾಲೀಕ್ರು, ಪ್ಲಾಂಟ್ ಹೆಡ್ಡು, ಪ್ರಿನ್ಸಿಪಾಲ್ರು, ಇಂಥೋರ ಜೊತೆ ಒಬ್ಬೊಬ್ರಾಗಿ ಕೂತು, ಅವ್ರಿಗೆ ಗೊತ್ತಿದ್ದೂ ಮಾಡ್ದೇ ಬಿಟ್ಟಿರೋ ಕೆಲ್ಸಾನ ಅವ್ರ ಬಾಯಿಂದಾನೇ ಹೊರಗೆ ತೆಗ್ಸೋದು, ಕೆಲ್ಸ ಇಷ್ಟೇ.

ಸರ್ಟಿಫಿಕೇಟ್ ಬೇಕಾ ಅಂತ ತುಂಬಾ ಜನ ಕೇಳ್ತಾರೆ. ಕಾನೂನಿನ ಪ್ರಕಾರ ಬೇಕಿಲ್ಲ, ನಾಳೆ ಬೆಳಿಗ್ಗೆ ಯಾರು ಬೇಕಾದ್ರೂ ಬೋರ್ಡ್ ಹಾಕ್ಬಹುದು, ಹಾಕ್ತಾನೂ ಇದಾರೆ. ಆದ್ರೆ ಕಂಪನಿಯೋರು ಕೇಳ್ತಾರೆ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಅಂತ 1995ರಲ್ಲಿ ಶುರುವಾದ ಸಂಸ್ಥೆ ಇದೆ, ಐಸಿಎಫ್ ಅಂತಾರೆ, ಅವರ ಮೊದ್ಲ ಮೆಟ್ಲು ಎಸಿಸಿ. ಅದಕ್ಕೆ 60 ಗಂಟೆ ಟ್ರೇನಿಂಗ್, 10 ಗಂಟೆ ಮೆಂಟರ್ ಕೋಚಿಂಗ್ (ಅಂದ್ರೆ ನೀವು ಕೋಚಿಂಗ್ ಮಾಡೋ ರೀತೀನ ಅನುಭವಿ ಕೋಚ್ ಒಬ್ರು ನೋಡಿ ತಿದ್ದೋದು), ಮತ್ತೆ ಕಮ್ಮಿ ಅಂದ್ರೂ 8 ಜನರ ಜೊತೆ 100 ಗಂಟೆ ಕೋಚಿಂಗ್ ಮಾಡಿರ್ಬೇಕು, ಅದ್ರಲ್ಲಿ 75 ಗಂಟೆ ದುಡ್ಡು ತಗೊಂಡು ಮಾಡಿದ್ದಾಗಿರ್ಬೇಕು. ಮುಂದಿನ ಮೆಟ್ಲು ಪಿಸಿಸಿಗೆ 500 ಗಂಟೆ ಕೋಚಿಂಗ್ ಮಾಡಿರ್ಬೇಕು. ಟ್ರೇನಿಂಗ್ ಎಲ್ಲಾ ಆನ್‌ಲೈನೇ ಸಿಗುತ್ತೆ, ಬೆಂಗ್ಳೂರಿಗೆ ಓಡಾಡೋದೇನೂ ಬೇಡ. ನನ್ನ ಕೇಳಿದ್ರೆ ಆ 100 ಗಂಟೆ ಇದೆಯಲ್ಲ, ಕಲಿಯೋದು ಅಲ್ಲಿ, ಕ್ಲಾಸಲ್ಲಲ್ಲ.

ಕ್ಲಾಸಲ್ಲಿ ಎಲ್ಲರಿಗೂ ಕಲಿಸೋದು ಗ್ರೋ ಮಾಡೆಲ್. ಇಂಗ್ಲೆಂಡಿನ ಜಾನ್ ವಿಟ್‌ಮೋರ್ ಅನ್ನೋರಿಂದ ಹೆಸರಾಗಿದ್ದು, ಅವ್ರು ಮೊದ್ಲು ಕಾರ್ ರೇಸರ್ ಆಗಿದ್ದೋರು. ನಾಲ್ಕೇ ಪ್ರಶ್ನೆ ಅದು: ಎಲ್ಲಿಗೆ ಹೋಗ್ಬೇಕು, ಈಗ ಎಲ್ಲಿದೀರಿ, ಯಾವ್ಯಾವ ದಾರಿ ಐತೆ, ಯಾವಾಗ ಹೊರಡ್ತೀರಿ. ನಮ್ಮೋರು ಮೊದ್ಲ ಪ್ರಶ್ನೆಗೆ ಉತ್ತರಾನೇ ಕೊಡಲ್ಲ, ಸೀದಾ ಎರಡನೇದಕ್ಕೆ ಹೋಗಿ ಲೇಬರ್ ಸಿಗ್ತಿಲ್ಲ, ಕರೆಂಟ್ ಬಿಲ್ಲು, ತಮ್ಮ ಮಾತು ಕೇಳಲ್ಲ ಅಂತ ಮುಕ್ಕಾಲು ಗಂಟೆ ಹೇಳ್ತಾರೆ. ಹೇಳ್ಲಿ ಬಿಡಿ. ಮಧ್ಯ ಬಾಯಿ ಹಾಕಿ ಹಿಂಗ್ ಮಾಡ್ರಿ ಅಂದ್ರೋ, ಅಲ್ಲಿಗೆ ನೀವು ಕೋಚ್ ಅಲ್ಲ, ಇನ್ನೊಬ್ಬ ಮಾವ. ಪುಕ್ಕಟೆ ಬುದ್ಧಿ ಹೇಳೋಕೆ ಅವ್ರ ಮನೇಲೇ ಬೇಕಾದಷ್ಟು ಜನ ಇದಾರೆ.

ಇನ್ನೊಂದು, ಇಂಗ್ಲಿಷ್ ಪ್ರಶ್ನೆನೆಲ್ಲಾ ಹಂಗೇ ಕನ್ನಡಕ್ಕೆ ತರಬೇಡಿ. "ಯಾಕೆ ಮಾಡ್ಲಿಲ್ಲ" ಅಂದ್ರೆ ನಮ್ಮಲ್ಲಿ ಅದು ಪ್ರಶ್ನೆ ಅಲ್ಲ, ಬೈಗುಳ. "ಏನ್ ಅಡ್ಡ ಬಂತ್ರಿ" ಅನ್ನಿ, ಆಗ ಬಾಯಿ ಬಿಡ್ತಾರೆ. ನಂದು ಅತೀ ಹೆಚ್ಚು ಕೆಲ್ಸ ಮಾಡಿರೋ ಪ್ರಶ್ನೆ "ಹ್ಞೂಂ, ಇನ್ನೇನು?" ಅನ್ನೋದು. ಅದನ್ನ ಕೇಳಿ ಸುಮ್ನೆ ಕೂರ್ಬೇಕು, ಹತ್ತು ಸೆಕೆಂಡ್ ಒಂದು ವರ್ಷದಂಗೆ ಅನ್ಸುತ್ತೆ, ಆದ್ರೂ ಕೂರ್ಬೇಕು. ಆಮೇಲೆ ಇಪ್ಪತ್ತಾರು ವರ್ಷದ ಹುಡುಗ ಆದ್ರೂ ನೀವು ಅಂತಾನೇ ಮಾತಾಡ್ಸಿ, ಮನೇಲಿ ಎಲ್ಲರೂ ಅವನಿಗೆ ಏಕವಚನಾನೇ, ನೀವೊಬ್ರು ಬಹುವಚನ ಕೊಟ್ರೆ ಕೂರೋ ರೀತಿನೇ ಬದಲಾಗುತ್ತೆ, ಕಣ್ಣಾರೆ ನೋಡಿದೀನಿ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು. ಇಲ್ಲಿ ದುಡ್ಡು ಕೊಡೋರು ಒಬ್ರು, ಎದುರಿಗೆ ಕೂರೋರು ಇನ್ನೊಬ್ರು. ಅಪ್ಪ ಕೊಡ್ತಾರೆ, ಮಗ ಕೂರ್ತಾನೆ. ಶುರು ಶುರುನಲ್ಲಿ ಒಂದು ಅಕ್ಕಿ ಮಿಲ್ಲಿನ ಯಜಮಾನ್ರು ಮಗನ್ನ ಕಳಿಸಿದ್ರು, ಮೂರನೇ ಸೆಷನ್ ಆದ ಸಂಜೆ ಫೋನ್ ಮಾಡಿ "ಏನಂದ್ನಪ್ಪಾ ನಮ್ಮ ಹುಡುಗ, ಬೆಂಗ್ಳೂರಿಗೆ ಹೋಗೋ ವಿಚಾರ ಏನಾರ ಐತಾ" ಅಂದ್ರು. ನಾನು ದೊಡ್ಡೋರು ಕೇಳಿದ್ರಲ್ಲ ಅಂತ "ಸ್ವಲ್ಪ ಹಂಗೇ ಇದಾರೆ ಸಾರ್" ಅಂದ್ಬಿಟ್ಟೆ. ಅಷ್ಟೇ. ಆ ಹುಡುಗ ಮತ್ತೆ ಬರ್ಲಿಲ್ಲ, ಮದುವೆಮನೇಲಿ ಸಿಕ್ಕಾಗ ಮುಖ ತಿರುಗಿಸ್ಕೊಂಡು ಹೋದ. ತಪ್ಪು ಅವನದ್ದಲ್ಲ.

ಅದಕ್ಕೇ ಈಗ ಮೊದ್ಲ ದಿನ ಮೂರೂ ಜನ ಒಟ್ಟಿಗೆ ಕೂರ್ತೀವಿ, ನಾನು, ಅಪ್ಪ, ಮಗ. ಆರು ತಿಂಗಳಲ್ಲಿ ಏನು ಬದಲಾಗ್ಬೇಕು ಅನ್ನೋದು ಮೂವರಿಗೂ ಗೊತ್ತಿರ್ಬೇಕು. ಎಷ್ಟು ಸೆಷನ್ ಆಯ್ತು ಅನ್ನೋದನ್ನ ಮಾತ್ರ ನಾನು ಅಪ್ಪಂಗೆ ಹೇಳೋದು, ಒಳಗಿನ ಮಾತು ಹೇಳ್ಬೇಕು ಅನ್ಸಿದ್ರೆ ಮಗನೇ ಹೇಳ್ಕೋತಾನೆ. ಇದನ್ನ ಒಂದು ಪುಟದಲ್ಲಿ ಬರೆದು ಮೂರೂ ಜನ ಸೈನ್ ಹಾಕ್ಬೇಕು. "ಎಲ್ಲಾ ನಂಬಿಕೆ ಮೇಲೆ ನಡೀತೈತೆ ಬಿಡ್ರಿ, ಸೈನ್ ಯಾಕೆ" ಅಂತಾರೆ, ಆದ್ರೂ ಬಿಡಬೇಡಿ. ಸೈನ್ ಹಾಕಲ್ಲ ಅಂದ ಇಬ್ಬರನ್ನ ಟೀ ಕುಡಿಸಿ ಕಳಿಸಿದೀನಿ.

ಜಾಗದ ವಿಷ್ಯ. ಅವ್ರ ಕ್ಯಾಬಿನ್ ಬೇಡವೇ ಬೇಡ, ಒಬ್ಬ ತೂಕದ ಚೀಟಿ ಹಿಡ್ಕೊಂಡು ಬರ್ತಾನೆ, ಇನ್ನೊಬ್ಬ ಚೆಕ್ಕಿಗೆ ಸೈನ್ ಕೇಳ್ತಾನೆ, ದಲ್ಲಾಳಿ ಫೋನು ಬೇರೆ. ಬೆಣ್ಣೆ ದೋಸೆ ಹೋಟ್ಲೂ ಬೇಡ, ದೋಸೆ ಮುಗಿಯೋದ್ರೊಳಗೆ ನಾಲ್ಕು ಜನ ಗುರುತಿನೋರು ಬಂದು ಬೆನ್ನು ತಟ್ಟಿ ಹೋಗ್ತಾರೆ. ನಾನು ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡ್ಕೋತ ಮಾಡ್ತೀನಿ, ಪಕ್ಕಪಕ್ಕ ನಡೆಯೋವಾಗ ಮುಖ ನೋಡೋ ಸಂಕೋಚ ಇರಲ್ಲ. ಎರಡು ವಾರಕ್ಕೊಂದು ಸಲ, ಒಂದು ಗಂಟೆ, ಜಾಸ್ತಿ ಬೇಡ. ಮೆಕ್ಕೆಜೋಳದ ಸೀಸನ್‌ನಲ್ಲಿ ಮಾತ್ರ ಹೊಸ ಕ್ಲೈಂಟ್ ಹಿಡೀಬೇಡಿ, ಎಪಿಎಂಸಿ ಕಡೆಯೋರು ಆಗ ಮನೆಗೇ ಸರಿಯಾಗಿ ಹೋಗಲ್ಲ, ನಿಮ್ಮ ಹತ್ರ ಎಲ್ಲಿ ಬರ್ತಾರೆ. ಸಂಕ್ರಾಂತಿ ಕಳೀಲಿ.

360 ಡಿಗ್ರಿ ಫೀಡ್‌ಬ್ಯಾಕ್ ಅಂತ ಒಂದಿದೆ, ಮೇಲಿನೋರು ಕೆಳಗಿನೋರು ಎಲ್ಲರನ್ನೂ ಕೇಳೋದು. ಫಾರಂ ಕೊಟ್ರೆ ಇಲ್ಲಿ ವರ್ಕ್ ಆಗಲ್ಲ, ಸೂಪರ್‌ವೈಸರ್ ಎಲ್ಲಾದಕ್ಕೂ ಹತ್ತಕ್ಕೆ ಹತ್ತು ಹಾಕಿ "ಸಾವ್ಕಾರ್ರು ದೇವ್ರಂಥೋರು" ಅಂತ ಬರೀತಾನೆ. ಅಮೆರಿಕದ ಮಾರ್ಷಲ್ ಗೋಲ್ಡ್‌ಸ್ಮಿತ್ ಅನ್ನೋ ಕೋಚ್ ಇದಾರೆ, ಅವ್ರು ಹೇಳೋದು ಆಗಿಹೋದದ್ದು ಕೇಳಬೇಡಿ, ಮುಂದಿಂದು ಕೇಳಿ ಅಂತ. ನಾನೂ ಅದನ್ನೇ ಮಾಡೋದು: "ಸಾವ್ಕಾರ್ರು ಇನ್ಮೇಲೆ ಒಂದೇ ಒಂದು ಏನ್ ಮಾಡಿದ್ರೆ ನಿಮ್ಮ ಕೆಲ್ಸ ಸಲೀಸಾಗ್ತೈತಿ?" ಐದಾರು ಜನರನ್ನ ಒಬ್ಬೊಬ್ರಾಗಿ ಕೇಳಿ, ಹೆಸರು ಹೇಳದೆ ಕ್ಲೈಂಟ್ ಮುಂದೆ ಇಡ್ತೀನಿ. ಒಂದು ಕಡೆ ಐವರೂ ಒಂದೇ ಮಾತು ಹೇಳಿದ್ರು, ಎಲ್ಲರ ಮುಂದೆ ಬೈಬೇಡಿ ಅಂತ.

ನಿದ್ದೆ ಇಲ್ಲ, ಯಾವುದ್ರಲ್ಲೂ ಮನಸ್ಸಿಲ್ಲ, ಕುಡಿತ ಜಾಸ್ತಿ ಆಗಿದೆ ಅನ್ನೋ ಮಾತು ಬಂದ್ರೆ ಅದು ನಮ್ಮ ಕೆಲ್ಸ ಅಲ್ಲ, ಮನೋವೈದ್ಯರ ಹತ್ರ ಕಳಿಸಿ.

ಇನ್ನು ಫೀಸು. ಗೋಲ್ಡ್‌ಸ್ಮಿತ್ ಅಂಥೋರು ಕ್ಲೈಂಟ್ ಬದಲಾಗಿದ್ದಾನೆ ಅಂತ ಸುತ್ತಲಿನೋರು ಹೇಳಿದ್ರೆ ಮಾತ್ರ ದುಡ್ಡು ತಗೋತಾರಂತೆ, ಅವ್ರಿಗೆ ನಡಿಯುತ್ತೆ. ನೀವು ಅರ್ಧ ಅಡ್ವಾನ್ಸ್ ತಗೊಳ್ಳಿ, ಉಳಿದದ್ದು ಮೂರನೇ ತಿಂಗಳಿಗೆ. ಕೊನೇಗೆ ಕೊಡ್ತೀನಿ ಅಂದೋರ ಹತ್ರ ನಾನು ಎರಡು ಸಲ ವಸೂಲಿಗೆ ಅಲೆದಿದೀನಿ, ಒಬ್ರು ದುಡ್ಡಿನ ಬದ್ಲು ಎರಡು ಚೀಲ ಸೋನಾ ಮಸೂರಿ ಕಳಿಸಿದ್ರು. ಅಕ್ಕಿ ಚೆನ್ನಾಗಿತ್ತು.