ಕೆಲಸದ ಪ್ರವಾಸ: ಹೋಟೆಲ್ ಕಾಯ್ದಿರಿಸುವ ಮೊದಲು ಸಮಯ ನೋಡಿ, ದೂರವನ್ನಲ್ಲ

ಕೆಲಸದ ನಿಮಿತ್ತ ಅಪರಿಚಿತ ನಗರಕ್ಕೆ ಹೋಗುವವರು ಹೋಟೆಲ್‌ನಿಂದ ಕಚೇರಿಗೆ ಎಷ್ಟು ಕಿಲೋಮೀಟರ್ ಎಂದು ನೋಡುವ ಬದಲು, ಗೂಗಲ್ ಮ್ಯಾಪ್ಸ್‌ನಲ್ಲಿ ಮಾರ್ಗವನ್ನು ತೆರೆದು, ಮೂರು ಚುಕ್ಕೆಗಳ ಮೆನುವಿನಲ್ಲಿ ಸಭೆಯ ದಿನವನ್ನೂ ತಲುಪಬೇಕಾದ ಸಮಯವನ್ನೂ ನಮೂದಿಸಿ ಪ್ರಯಾಣದ ಅವಧಿಯನ್ನು ನೋಡಿಕೊಳ್ಳಬೇಕು. ರಾತ್ರಿ ಮನೆಯಲ್ಲಿ ಕುಳಿತು ಹುಡುಕಿದಾಗ ಕಾಣುವುದು ಆ ಹೊತ್ತಿನ ಖಾಲಿ ರಸ್ತೆಯ ಲೆಕ್ಕ. ದಿನ, ಸಮಯ ಕೊಟ್ಟರೆ ಅದೇ ರಸ್ತೆಯಲ್ಲಿ ಹಿಂದೆ ಕಂಡುಬಂದ ವಾಹನ ದಟ್ಟಣೆಯ ಆಧಾರದ ಮೇಲೆ ಅಂದಾಜು ದೊರೆಯುತ್ತದೆ. ಕಾರಿನ ಪ್ರಯಾಣಕ್ಕೆ ಈ ಅಂದಾಜು ಸಾಮಾನ್ಯವಾಗಿ ‘30ರಿಂದ 70 ನಿಮಿಷ’ ಎಂಬ ರೀತಿಯಲ್ಲಿ ಬರುವುದರಿಂದ, ದೊಡ್ಡ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಳ್ಳುವುದು ಕ್ಷೇಮ. ಬೆಳಿಗ್ಗೆ ಸರಾಗವಾಗಿರುವ ದಾರಿ ಸಂಜೆ ಎದುರು ದಿಕ್ಕಿನಲ್ಲಿ ಕಿಕ್ಕಿರಿದಿರಬಹುದಾದ್ದರಿಂದ ಹಿಂತಿರುಗುವ ಹೊತ್ತನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು. ಬಹುಮಂದಿ ಮರೆಯುವುದು ಇದನ್ನೇ. ಆದರೆ ಜೋರು ಮಳೆ, ಮೆರವಣಿಗೆ, ಆಗಷ್ಟೇ ಆರಂಭವಾದ ರಸ್ತೆ ಕಾಮಗಾರಿ ಇವುಗಳನ್ನು ಹಳೆಯ ಮಾಹಿತಿ ಮುಂಚಿತವಾಗಿ ತಿಳಿಸಲಾರದು. ಹಾಗೆಯೇ, ವಿಶಾಲ ಆವರಣದ ಕಚೇರಿಗಳಲ್ಲಿ ನಕ್ಷೆಯು ಸಂದರ್ಶಕರಿಗೆ ಪ್ರವೇಶವಿಲ್ಲದ ಗೇಟಿಗೆ ಕರೆದೊಯ್ಯುವ ಸಾಧ್ಯತೆ ಇರುವುದರಿಂದ, ಯಾವ ಗೇಟಿಗೆ ಬರಬೇಕೆಂದು ಅಲ್ಲಿನ ಸಹೋದ್ಯೋಗಿಯನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.